ಶೀತದಿಂದ ಕೊಬ್ಬು ಇಳಿಸುವ ಚಿಕಿತ್ಸೆ: ದೇಹದ ಯಾವ ಭಾಗಕ್ಕೆ ಸೂಕ್ತ?

ಕತ್ತರಿಯಿಲ್ಲ, ಹೊಲಿಗೆಯಿಲ್ಲ, ಅರಿವಳಿಕೆ ಇಲ್ಲ; ಗಂಟೆಯೊಳಗೆ ಚಿಕಿತ್ಸೆ ಮುಗಿಸಿಕೊಂಡು ಕಚೇರಿಗೆ ಮರಳಬಹುದು. ನಗರಗಳ ಸೌಂದರ್ಯ ಚಿಕಿತ್ಸಾಲಯಗಳ ಜಾಹೀರಾತುಗಳಲ್ಲಿ ಕಾಣುವ ಭರವಸೆಯಿದು. ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದ ಕನ್ನಡ ಕಿರುತೆರೆಯ ಯುವ ನಟಿಯೊಬ್ಬರು 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೃತಪಟ್ಟ ಘಟನೆಯನ್ನು ಬಲ್ಲವರಿಗೆ, ಶಸ್ತ್ರಚಿಕಿತ್ಸೆಯಿಲ್ಲದ ವಿಧಾನದತ್ತ ಒಲವು ಮೂಡುವುದು ಸಹಜವೇ. ಆದರೆ 'ಕ್ರಯೋಲಿಪಾಲಿಸಿಸ್' ಎಂಬ ಈ ಶೀತ ಚಿಕಿತ್ಸೆ ದೇಹದ ಎಲ್ಲ ಭಾಗಕ್ಕೂ ಒಂದೇ ಬಗೆಯ ಫಲ ನೀಡುವುದಿಲ್ಲ. ಯಾವ ಭಾಗವನ್ನು ಆರಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಧಾರದ ಮೇಲೆಯೇ ಹಣ, ಫಲ ಹಾಗೂ ಅಪಾಯ ಮೂರೂ ನಿಂತಿವೆ.

ಶೀತ ಮಾಡುವ ಕೆಲಸವೇನು?

ಚಳಿಗಾಲದ ಬೆಳಗ್ಗೆ ಅಡುಗೆಮನೆಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿರುತ್ತದೆ. ಪಕ್ಕದ ಕೊಡದ ನೀರು ಮಾತ್ರ ನೀರಾಗಿಯೇ ಇರುತ್ತದೆ. ಚರ್ಮದಡಿಯ ಕೊಬ್ಬಿನ ಸ್ವಭಾವವೂ ಹಾಗೆಯೇ. ನೀರಿನಂಶ ಹೆಚ್ಚಿರುವ ಚರ್ಮ, ಸ್ನಾಯುಗಳು ತಡೆದುಕೊಳ್ಳುವ ಶೀತಕ್ಕೆ ಕೊಬ್ಬಿನ ಕೋಶಗಳು ಘಾಸಿಗೊಳ್ಳುತ್ತವೆ. ಐಸ್ ಕ್ಯಾಂಡಿ ಚೀಪಿದ ಎಳೆಯ ಮಗುವಿನ ಕೆನ್ನೆಯಲ್ಲಿ ಕೊಬ್ಬಿನ ಪದರ ಉರಿಯೂತಕ್ಕೆ ಒಳಗಾದುದನ್ನು ಅಮೆರಿಕದ ವೈದ್ಯರು 1970ರಲ್ಲಿಯೇ ದಾಖಲಿಸಿದ್ದರು. ಇಂತಹ ಸುಳಿವುಗಳ ಬೆನ್ನುಹಿಡಿದ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ಡೀಟರ್ ಮ್ಯಾನ್‌ಸ್ಟೈನ್ ಮತ್ತು ರಾಕ್ಸ್ ಆ್ಯಂಡರ್ಸನ್ ಅವರ ತಂಡ, ಹಂದಿಗಳ ಮೇಲೆ ನಡೆಸಿದ ಪ್ರಯೋಗದ ಫಲವನ್ನು 2008ರಲ್ಲಿ ಪ್ರಕಟಿಸಿತು.

ಚಿಕಿತ್ಸೆಯ ವೇಳೆ ಯಂತ್ರದ ಬಟ್ಟಲಿನಂತಹ ಭಾಗವು ಚರ್ಮದ ಮಡಿಕೆಯನ್ನು ಹೀರಿ ಹಿಡಿದು, ಸುಮಾರು 35ರಿಂದ 60 ನಿಮಿಷಗಳವರೆಗೆ ತಣ್ಣಗಾಗಿಸುತ್ತದೆ. ಘಾಸಿಗೊಂಡ ಕೋಶಗಳು ಒಮ್ಮೆಲೇ ಕರಗಿಹೋಗುವುದಿಲ್ಲ. ಅವು ನಿಧಾನವಾಗಿ ಸಾಯುತ್ತವೆ. ದೇಹದ ರಕ್ಷಣಾ ಕೋಶಗಳು ಅವನ್ನು ಎರಡು-ಮೂರು ತಿಂಗಳಲ್ಲಿ ತೆರವುಗೊಳಿಸುತ್ತವೆ. ಒಂದು ಬಾರಿಯ ಚಿಕಿತ್ಸೆಯಿಂದ ಆ ಜಾಗದ ಕೊಬ್ಬಿನ ಪದರ ಸಾಮಾನ್ಯವಾಗಿ ಶೇ. 20ರಿಂದ 25ರಷ್ಟು ತೆಳುವಾಗುತ್ತದೆ.

ಈ ಪ್ರಮಾಣವನ್ನು ಲೆಕ್ಕಕ್ಕಿಳಿಸಿ ನೋಡುವುದು ಒಳಿತು. ಬೆರಳುಗಳ ನಡುವೆ ಹಿಡಿದ ಮಡಿಕೆ 4 ಸೆಂ.ಮೀ. ದಪ್ಪವಿದ್ದರೆ, ಅದರಲ್ಲಿ ಇರುವುದು ತಲಾ ಸುಮಾರು 2 ಸೆಂ.ಮೀ.ನ ಎರಡು ಪದರ. ಚಿಕಿತ್ಸೆಯ ಬಳಿಕ ಪದರ ಇಳಿಯುವುದು 4ರಿಂದ 5 ಮಿ.ಮೀ. ಮಾತ್ರ. ಸೊಂಟದ ಇಕ್ಕೆಲದ ಚಿಕ್ಕ ಉಬ್ಬಿಗೆ ಇದು ಕಣ್ಣಿಗೆ ಕಾಣುವ ಬದಲಾವಣೆ. ದೊಡ್ಡ ಹೊಟ್ಟೆಯುಳ್ಳವರಿಗೆ ಇದು ಗೊತ್ತೇ ಆಗದಿರಬಹುದು. ತೂಕದ ಯಂತ್ರದ ಮುಳ್ಳಂತೂ ಕದಲುವುದಿಲ್ಲ. ಹೀಗಾಗಿ ಇದು ತೂಕ ಇಳಿಸುವ ಚಿಕಿತ್ಸೆಯಲ್ಲ, ಆಕಾರ ತಿದ್ದುವ ಚಿಕಿತ್ಸೆ.

ಮೊದಲ ಪರೀಕ್ಷೆ: ಚಿವುಟಿದರೆ ಸಿಗುತ್ತದೆಯೇ?

ಹೊಟ್ಟೆಯ ಕೊಬ್ಬಿನಲ್ಲಿ ಎರಡು ಬಗೆ. ಒಂದು ಚರ್ಮದ ಕೆಳಗಿನದು. ಬೆರಳಿಗೆ ಮೃದುವಾಗಿ ಸಿಗುತ್ತದೆ. ಇನ್ನೊಂದು ಸ್ನಾಯುಗಳ ಹಿಂದೆ, ಕರುಳು ಮತ್ತು ಯಕೃತ್ತಿನ ಸುತ್ತ ಸಂಗ್ರಹವಾಗುವುದು. ಶೀತ ಯಂತ್ರ ತಲುಪುವುದು ಮೊದಲನೆಯದನ್ನು ಮಾತ್ರ. ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮಡಕೆಯಂತೆ ಬಿಗಿದು ಮುಂದೆ ಬಂದಿದ್ದರೆ, ಅಲ್ಲಿರುವುದು ಬಹುಪಾಲು ಒಳಗಿನ ಕೊಬ್ಬು. ಅಂಥವರು ಹೊಟ್ಟೆಯನ್ನು ಆರಿಸಿಕೊಂಡರೆ ನಿರಾಶೆ ತಪ್ಪಿದ್ದಲ್ಲ.

ಭಾರತೀಯರ ಮಟ್ಟಿಗೆ ಇದು ಗಂಭೀರ ವಿಷಯ. ನೋಡಲು ತೆಳ್ಳಗಿದ್ದರೂ ದೇಹದೊಳಗೆ ಕೊಬ್ಬಿನಂಶ ಹೆಚ್ಚಿರುವ ಭಾರತೀಯರ ಲಕ್ಷಣವನ್ನು ಪುಣೆಯ ಮಧುಮೇಹ ತಜ್ಞ ಡಾ. ಸಿ.ಎಸ್. ಯಾಜ್ಞಿಕ್ ಅವರ ಅಧ್ಯಯನಗಳು ಬಹಳ ಹಿಂದೆಯೇ ಎತ್ತಿ ತೋರಿಸಿವೆ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ದಾಟಿದರೆ ಅದು ಸಕ್ಕರೆ ಕಾಯಿಲೆ, ಹೃದ್ರೋಗಗಳ ಮುನ್ಸೂಚನೆ ಎಂದು ಭಾರತೀಯ ತಜ್ಞರು ಪರಿಗಣಿಸುತ್ತಾರೆ. ಆ ಕೊಬ್ಬನ್ನು ಇಳಿಸಲು ಆಹಾರ, ವ್ಯಾಯಾಮ, ಅಗತ್ಯವಿದ್ದರೆ ವೈದ್ಯರ ಔಷಧವೇ ದಾರಿ. ಚರ್ಮದಡಿಯ ಕೊಬ್ಬನ್ನು ತೆಗೆದುಹಾಕಿದರೆ ರೋಗದ ಅಪಾಯ ತಗ್ಗುತ್ತದೆಂಬ ನಂಬಿಕೆಗೂ ಆಧಾರವಿಲ್ಲ. 15 ಸ್ಥೂಲಕಾಯದ ಮಹಿಳೆಯರಿಂದ ಲೈಪೋಸಕ್ಷನ್ ಮೂಲಕ ಕಿಲೋಗಟ್ಟಲೆ ಕೊಬ್ಬು ತೆಗೆದ ಬಳಿಕವೂ ಇನ್ಸುಲಿನ್ ಸ್ಪಂದನೆ ಸುಧಾರಿಸಲಿಲ್ಲವೆಂದು ಅಮೆರಿಕದ ಅಧ್ಯಯನವೊಂದು 2004ರಲ್ಲಿ ವರದಿ ಮಾಡಿತ್ತು.

ಭಾಗವಾರು ವಿವೇಚನೆ

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 'ಕೂಲ್‌ಸ್ಕಲ್ಪ್ಟಿಂಗ್' ಯಂತ್ರಕ್ಕೆ ಒಪ್ಪಿಗೆ ನೀಡಿದ್ದು ಒಂದೇ ಸಲಕ್ಕಲ್ಲ. 2010ರಲ್ಲಿ ಸೊಂಟದ ಇಕ್ಕೆಲ, 2012ರಲ್ಲಿ ಹೊಟ್ಟೆ, 2014ರಲ್ಲಿ ತೊಡೆ, 2015ರಲ್ಲಿ ಗದ್ದದ ಕೆಳಭಾಗ, 2016ರಲ್ಲಿ ತೋಳು, ಬೆನ್ನು ಮತ್ತು ಪೃಷ್ಠದ ಕೆಳಗಿನ ಮಡಿಕೆ. ಹೀಗೆ ಒಂದೊಂದಾಗಿ ಪಟ್ಟಿ ಬೆಳೆಯಿತು.

ಸೊಂಟದ ಇಕ್ಕೆಲ: ಮಡಿಕೆ ಮೃದುವಾಗಿದ್ದು ಬಟ್ಟಲಿನೊಳಕ್ಕೆ ಸುಲಭವಾಗಿ ಸೇರುವುದರಿಂದ ಈ ಚಿಕಿತ್ಸೆಗೆ ಹೇಳಿ ಮಾಡಿಸಿದ ಜಾಗವಿದು. ಎರಡೂ ಬದಿಗೆ ಸಮನಾಗಿ ಮಾಡಿಸುವುದು ಅಗತ್ಯ.

ಹೊಟ್ಟೆ: ಹೊಕ್ಕುಳ ಕೆಳಗಿನ ಮೆತ್ತನೆಯ ಕೊಬ್ಬಿಗೆ ಫಲವುಂಟು. ಆದರೆ ಹೆರಿಗೆಯ ನಂತರ ಹೊಟ್ಟೆಯ ನಡುವಿನ ಸ್ನಾಯುಗಳು ಬೇರ್ಪಟ್ಟು ಉಬ್ಬು ಉಳಿದಿದ್ದರೆ ಅದು ಕೊಬ್ಬಿನ ದೋಷವಲ್ಲ. ಶೀತ ಅದನ್ನು ಸರಿಪಡಿಸದು. ಸಿಸೇರಿಯನ್ ಅಥವಾ ಬೇರೆ ಶಸ್ತ್ರಚಿಕಿತ್ಸೆಯ ಗಾಯದ ಬಳಿ ಹರ್ನಿಯಾ ಇಲ್ಲವೆಂಬುದನ್ನು ವೈದ್ಯರು ಕೈಯಾರೆ ಪರೀಕ್ಷಿಸಿ, ಅನುಮಾನವಿದ್ದರೆ ಅಲ್ಟ್ರಾಸೌಂಡ್ ಮೂಲಕ ಖಚಿತಪಡಿಸಿಕೊಳ್ಳಬೇಕು. ಹರ್ನಿಯಾ ಇರುವ ಜಾಗವನ್ನು ಯಂತ್ರ ಹೀರುವುದು ಅಪಾಯಕರ.

ತೊಡೆ: ಒಳತೊಡೆಯ ಮಡಿಕೆ ಬಟ್ಟಲಿಗೆ ಹೊಂದುತ್ತದೆ. ಹೊರತೊಡೆಯ ಕೊಬ್ಬು ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಚಪ್ಪಟೆ ಸಾಧನ ಬೇಕಾಗುತ್ತದೆ. ಅದು ಚಿಕಿತ್ಸಾಲಯದಲ್ಲಿ ಇದೆಯೇ ಎಂದು ಮೊದಲೇ ಕೇಳಬೇಕು.

ಗದ್ದದ ಕೆಳಭಾಗ: ಜಾಗ ಚಿಕ್ಕದಾದ್ದರಿಂದ ಕೆಲವೇ ಮಿಲಿಮೀಟರಿನ ಇಳಿಕೆಯೂ ಎದ್ದು ಕಾಣುತ್ತದೆ. ಆದರೆ ವಯಸ್ಸಿನಿಂದ ಚರ್ಮ ಸಡಿಲಗೊಂಡಿದ್ದರೆ, ಕೊಬ್ಬು ಇಳಿದ ಮೇಲೆ ಅದು ಇನ್ನಷ್ಟು ಜೋತುಬಿದ್ದಂತೆ ತೋರಬಹುದು. ಗಂಟಲಿನ ಮುಂಭಾಗದ ಊತ ಥೈರಾಯ್ಡ್ ಗ್ರಂಥಿಯದ್ದಲ್ಲವೆಂಬುದೂ ಖಚಿತವಾಗಬೇಕು.

ತೋಳು ಮತ್ತು ಬೆನ್ನು: ಕುಪ್ಪಸದ ಅಂಚಿನಲ್ಲಿ ಮಡಿಕೆಯಾಗುವ ಕೊಬ್ಬು ಹಿಡಿಗೆ ಸಿಕ್ಕರೆ ಚಿಕಿತ್ಸೆ ಸಾಧ್ಯ. ಬಹಳಷ್ಟು ತೂಕ ಇಳಿಸಿದವರ ತೋಳಿನಲ್ಲಿ ಜೋಲುವುದು ಹೆಚ್ಚಾಗಿ ಚರ್ಮ. ಅಲ್ಲಿ ಪ್ರಯೋಜನ ಅಲ್ಪ.

ಪುರುಷರ ಎದೆ: ಉಬ್ಬಿಗೆ ಗ್ರಂಥಿ ಕಾರಣವಾಗಿದ್ದರೆ ಶೀತದಿಂದ ಅದು ಕುಗ್ಗುವುದಿಲ್ಲ. ಹಾರ್ಮೋನು ವ್ಯತ್ಯಾಸ, ಸೇವಿಸುತ್ತಿರುವ ಔಷಧ ಮುಂತಾದ ಕಾರಣಗಳ ತಪಾಸಣೆ ಮೊದಲು ನಡೆಯಬೇಕು.

ಹೆಚ್ಚು ಭಾಗ, ಹೆಚ್ಚು ಅಪಾಯ

ಚಿಕಿತ್ಸೆಯ ಬಳಿಕ ಕೆಂಪಾಗುವುದು, ಊತ, ಕಂದುಗಟ್ಟುವಿಕೆ ಹಾಗೂ ಕೆಲವು ವಾರಗಳ ಮರಗಟ್ಟುವಿಕೆ ಸಾಮಾನ್ಯ. ಅವು ತಾವಾಗಿ ಶಮನಗೊಳ್ಳುತ್ತವೆ. ಶಮನಗೊಳ್ಳದ ತೊಂದರೆಯೊಂದಿದೆ. ವಿರಳವಾಗಿ, ಇಳಿಯಬೇಕಾದ ಕೊಬ್ಬು ಕೆಲವು ತಿಂಗಳ ನಂತರ ಅದೇ ಜಾಗದಲ್ಲಿ ಗಟ್ಟಿಯಾಗಿ, ಬಟ್ಟಲಿನ ಆಕಾರದಲ್ಲಿಯೇ ಬೆಳೆಯುತ್ತದೆ. 2014ರಲ್ಲಿ ಮೊದಲ ಬಾರಿಗೆ ವೈದ್ಯಕೀಯ ನಿಯತಕಾಲಿಕದಲ್ಲಿ ವರದಿಯಾದ ಈ ವಿಪರೀತ ಬೆಳವಣಿಗೆಯನ್ನು ನಿವಾರಿಸಲು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಕತ್ತರಿ ತಪ್ಪಿಸಲೆಂದು ಹೋದವರು ಕತ್ತರಿಗೇ ಮರಳಬೇಕಾದ ಸ್ಥಿತಿಯಿದು. ಕೆನಡಾದ ಹೆಸರಾಂತ ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ ತಮಗೆ ಹೀಗಾಯಿತೆಂದು 2021ರ ಸೆಪ್ಟೆಂಬರಿನಲ್ಲಿ ಬಹಿರಂಗವಾಗಿ ಹೇಳಿಕೊಂಡು ದಾವೆ ಹೂಡಿದರು. 2022ರಲ್ಲಿ ಪ್ರಕರಣ ರಾಜಿಯಲ್ಲಿ ಮುಗಿಯಿತು.

ತಯಾರಕರು ನೀಡಿರುವ ಲೆಕ್ಕದಂತೆ ಇದರ ಸಂಭವ ಸುಮಾರು 3,000 ಆವರ್ತಗಳಿಗೆ ಒಂದು. ಕೆಲವು ಸ್ವತಂತ್ರ ವೈದ್ಯರ ವರದಿಗಳಲ್ಲಿ ಪ್ರಮಾಣ ಇದಕ್ಕಿಂತ ಹೆಚ್ಚಿದೆ. ಇಲ್ಲಿ ಗಮನಿಸಬೇಕಾದುದು 'ಆವರ್ತ' ಎಂಬ ಪದ. ಯಂತ್ರವನ್ನು ಒಂದು ಜಾಗಕ್ಕೆ ಒಮ್ಮೆ ಹಚ್ಚುವುದೇ ಒಂದು ಆವರ್ತ. ಹೊಟ್ಟೆ, ಸೊಂಟ, ತೊಡೆ, ತೋಳುಗಳಿಗೆಲ್ಲ ಸೇರಿ ಎಂಟು ಆವರ್ತ ಮಾಡಿಸಿಕೊಂಡವರ ಪಾಲಿಗೆ, ತಯಾರಕರ ಲೆಕ್ಕದಲ್ಲಿಯೇ, ಸಂಭವ ಸುಮಾರು 375ಕ್ಕೆ ಒಂದಾಗುತ್ತದೆ. ಹಲವು ಭಾಗಗಳ ರಿಯಾಯಿತಿ ಪ್ಯಾಕೇಜಿಗೆ ಸಹಿ ಹಾಕುವ ಮುನ್ನ ಈ ಗುಣಾಕಾರ ನೆನಪಿರಬೇಕು.

ಆದ್ದರಿಂದ ಮನಸ್ಸಿಗೆ ಹೆಚ್ಚು ಕಿರಿಕಿರಿ ಉಂಟುಮಾಡುವ ಒಂದೇ ಭಾಗವನ್ನು ಮೊದಲು ಆರಿಸಿಕೊಂಡು, ಮೂರು ತಿಂಗಳು ಕಾದು, ಒಂದೇ ಬೆಳಕು, ಒಂದೇ ಭಂಗಿಯಲ್ಲಿ ತೆಗೆದ ಛಾಯಾಚಿತ್ರಗಳನ್ನು ಹೋಲಿಸಿ ಮುಂದುವರಿಯುವುದು ಜಾಣತನ. ಶುಲ್ಕವನ್ನು ಭಾಗಕ್ಕೆ ಲೆಕ್ಕಹಾಕಲಾಗಿದೆಯೇ, ಆವರ್ತಕ್ಕೆ ಲೆಕ್ಕಹಾಕಲಾಗಿದೆಯೇ ಎಂಬುದು ಬರಹದಲ್ಲಿರಲಿ.

ಯಾರಿಗೆ ಬೇಡ?

ರಕ್ತದಲ್ಲಿ ಶೀತಕ್ಕೆ ಹೆಪ್ಪುಗಟ್ಟುವ ಪ್ರೋಟೀನುಗಳಿರುವ ಕ್ರಯೋಗ್ಲೋಬ್ಯುಲಿನೀಮಿಯಾ ಮತ್ತು ಶೀತದಿಂದ ಕೆಂಪು ರಕ್ತಕಣಗಳು ಒಡೆಯುವ ಕಾಯಿಲೆಗಳಿದ್ದವರಿಗೆ ಈ ಚಿಕಿತ್ಸೆ ಸಂಪೂರ್ಣ ನಿಷಿದ್ಧ. ತಣ್ಣೀರು ಸೋಕಿದರೆ ದದ್ದು ಏಳುವವರು, ಚಳಿಗೆ ಬೆರಳು ಬಿಳಿಚಿಕೊಳ್ಳುವವರು, ಮಧುಮೇಹದಿಂದ ಸ್ಪರ್ಶಜ್ಞಾನ ಕುಂದಿದವರು ಅದನ್ನು ವೈದ್ಯರಿಗೆ ಮುಂಚಿತವಾಗಿಯೇ ತಿಳಿಸಬೇಕು. ಗರ್ಭಿಣಿಯರು ಮುಂದೂಡುವುದು ಲೇಸು.

ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳು 2007ರ ಕಾಯ್ದೆಯನ್ವಯ ನೋಂದಣಿ ಹೊಂದಿರಬೇಕು. ನೋಂದಣಿ ಪತ್ರ, ಯಂತ್ರದ ತಯಾರಕರ ಹೆಸರು, ಮಡಿಕೆಯನ್ನು ಮುಟ್ಟಿ ಪರೀಕ್ಷಿಸುವ ವೈದ್ಯರ ಅರ್ಹತೆ ಇವನ್ನು ಕೇಳುವುದು ಗ್ರಾಹಕರ ಹಕ್ಕು. ಪರೀಕ್ಷೆಯ ಕೊನೆಗೆ "ಈ ಭಾಗಕ್ಕೆ ಈ ಚಿಕಿತ್ಸೆ ಬೇಡ" ಎಂದು ಹೇಳಬಲ್ಲ ವೈದ್ಯರಿರುವ ಕಡೆ, ಬೇಕೆಂದು ಹೇಳಿದ ಭಾಗದ ಬಗ್ಗೆಯೂ ನಂಬಿಕೆ ಇಡಬಹುದು.