ಶಾಖೆಯ ಲೆಕ್ಕ ಕೇಂದ್ರಕ್ಕೆ: ಕ್ಷಣಕ್ಷಣದ ನಕಲೇ, ರಾತ್ರಿಯ ರವಾನೆಯೇ?

ದತ್ತಾಂಶ ವರ್ಗಾವಣೆಯ ಬಿಸಿ ಮಂಗಳೂರಿನ ವರ್ತಕ ಸಮುದಾಯಕ್ಕೆ ನೇರವಾಗಿ ತಟ್ಟಿದ್ದು ಬ್ಯಾಂಕುಗಳ ವಿಲೀನದ ಕಾಲದಲ್ಲಿ. ನಮ್ಮ ಊರಿನಲ್ಲಿಯೇ ಪ್ರಧಾನ ಕಚೇರಿ ಹೊಂದಿದ್ದ ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನಗೊಂಡಿತು. ಎರಡೂ ಬ್ಯಾಂಕುಗಳು ಫಿನಾಕಲ್ ತಂತ್ರಾಂಶವನ್ನೇ ಬಳಸುತ್ತಿದ್ದವು. 2019ರ ಆಗಸ್ಟ್ 30ರಂದು ವಿಲೀನವನ್ನು ಪ್ರಕಟಿಸುವಾಗ ಕೇಂದ್ರ ಸರಕಾರವು ಇದನ್ನೂ ಒಂದು ಅನುಕೂಲವೆಂದು ಹೇಳಿತ್ತು. ಹಾಗಿದ್ದರೂ ಹಳೆಯ ಐಎಫ್‌ಎಸ್‌ಸಿ ಸಂಕೇತಗಳನ್ನು 2021ರ ಮಾರ್ಚ್ ಅಂತ್ಯದವರೆಗೆ ಉಳಿಸಿಕೊಳ್ಳಬೇಕಾಯಿತು. ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಿಂಡಿಕೇಟ್ ಬ್ಯಾಂಕಿನ ಸಂಕೇತಗಳು ಅದೇ ವರ್ಷದ ಜೂನ್ ಕೊನೆಯವರೆಗೆ ನಡೆದವು. ಕಾಗದದ ಮೇಲೆ ಒಂದೇ ದಿನದಲ್ಲಿ ಮುಗಿದ ಕಾರ್ಯ ಗಿರಾಕಿಯ ಮಟ್ಟಿಗೆ ವರ್ಷ ಹಿಡಿಯಿತು.

ಹೀಗೆ ಇಡೀ ಲೆಕ್ಕವನ್ನು ಒಂದು ವ್ಯವಸ್ಥೆಯಿಂದ ಎತ್ತಿ ಇನ್ನೊಂದಕ್ಕೆ ಸುರಿಯುವುದು ಸಗಟು ರವಾನೆ. ಇದಕ್ಕೆ ಭಿನ್ನವಾದುದು ಪ್ರತಿಕೃತಿ ವಿಧಾನ, ಅರ್ಥಾತ್ ರೆಪ್ಲಿಕೇಶನ್. ಮೂಲ ಗಣಕದಲ್ಲಿ ಆಗುವ ಪ್ರತಿಯೊಂದು ನಮೂದನ್ನು ಒಂದು ದಿನಚರಿ ಕಡತದಲ್ಲಿ ಬರೆದುಕೊಂಡು, ಅದನ್ನೇ ದೂರದ ಗಣಕವು ಓದಿ ತನ್ನಲ್ಲಿ ಪುನಃ ಬರೆದುಕೊಳ್ಳುತ್ತದೆ. ಬ್ಯಾಂಕುಗಳು ತಮ್ಮ ಆಪತ್ಕಾಲೀನ ಕೇಂದ್ರವನ್ನು ಸಿದ್ಧವಾಗಿಡುವುದು ಈ ಬಗೆಯಲ್ಲಿ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಕ್ಯೂಎಲ್ ಮೊದಲಾದ ಉಚಿತ ತಂತ್ರಾಂಶಗಳಲ್ಲಿಯೂ ಈ ಸೌಲಭ್ಯ ಇರುವುದರಿಂದ ಸಣ್ಣ ಉದ್ದಿಮೆದಾರರಿಗೂ ಇದು ಎಟುಕುತ್ತದೆ.

ಬೈಕಂಪಾಡಿಯಲ್ಲಿ ಕಾರ್ಖಾನೆ, ಬಂದರಿನಲ್ಲಿ ಗೋದಾಮು, ಹಂಪನಕಟ್ಟೆಯಲ್ಲಿ ಮಾರಾಟ ಕಚೇರಿ ಇರುವ ಸಂಸ್ಥೆಯೊಂದನ್ನು ಊಹಿಸಿಕೊಳ್ಳೋಣ. ಅಂಕಿ ಎಷ್ಟು ಹಳತಾದರೆ ನಷ್ಟವಾಗುತ್ತದೆ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಖರ್ಚು-ವೆಚ್ಚದ ಲೆಕ್ಕ, ಸಂಬಳದ ಪಟ್ಟಿ, ತಿಂಗಳ 11ನೇ ತಾರೀಕಿಗೆ ಸಲ್ಲಿಸಬೇಕಾದ ಜಿಎಸ್‌ಟಿಆರ್-1ರ ವಿವರ, ಇವೆಲ್ಲ ಒಂದು ರಾತ್ರಿ ತಡವಾದರೆ ಏನೂ ಕೆಡುವುದಿಲ್ಲ. ಅಂಗಡಿ ಮುಚ್ಚಿದ ಮೇಲೆ ಕಡತವನ್ನು ಕಳುಹಿಸಿದರೆ ಸಾಕು. ಆದರೆ ದಾಸ್ತಾನಿನ ಮಾತು ಬೇರೆ. ಗೋದಾಮಿನವರು ಬೆಳಗ್ಗೆ ಮಾರಿದ ಗೇರುಬೀಜದ ಡಬ್ಬಿಗಳನ್ನೇ ಮಧ್ಯಾಹ್ನ ಕಚೇರಿಯವರು ಇನ್ನೊಬ್ಬರಿಗೆ ಮಾತು ಕೊಟ್ಟರೆ ಹೋಗುವುದು ಹಣ ಮಾತ್ರವಲ್ಲ.

ಇಲ್ಲಿ ಹಲವರು ತಪ್ಪು ತಿಳಿಯುವುದುಂಟು. ಸಾಮಾನ್ಯ ಪ್ರತಿಕೃತಿಯು ಏಕಮುಖವಾದುದು; ನಕಲನ್ನು ಓದಬಹುದೇ ಹೊರತು ಅದರಲ್ಲಿ ಬರೆಯುವಂತಿಲ್ಲ. ಅದೂ ಮೂಲಕ್ಕಿಂತ ಕೆಲವು ಕ್ಷಣ ಹಿಂದಿರುತ್ತದೆ, ಸಂಪರ್ಕ ಕೆಟ್ಟರೆ ಗಂಟೆಗಟ್ಟಲೆ ಹಿಂದುಳಿಯುತ್ತದೆ. ಎರಡು ಕಡೆ ಮಾರಾಟವಾಗುವ ಸರಕಿನ ಬಿಲ್ಲುಗಳು ಒಂದೇ ಮೂಲ ಪುಸ್ತಕದಲ್ಲಿ ಬೀಳುವಂತೆ ಮಾಡುವುದೇ ಸರಿಯಾದ ಕ್ರಮ.

ಸಗಟು ರವಾನೆಯನ್ನು ಹಳೆಯ ಪದ್ಧತಿಯೆಂದು ಹಗುರವಾಗಿ ಕಾಣಬೇಕಾಗಿಲ್ಲ. ಒಂದು ಟೆರಾಬೈಟ್ ದತ್ತಾಂಶವನ್ನು ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಕಳುಹಿಸಲು ಒಂಬತ್ತು ದಿನಗಳಿಗೂ ಹೆಚ್ಚು ಬೇಕು. 100 ಮೆಗಾಬಿಟ್ ಇದ್ದರೂ 22 ಗಂಟೆ. ಅಷ್ಟನ್ನೇ ಒಂದು ಡಿಸ್ಕಿನಲ್ಲಿ ತುಂಬಿ ಬೆಂಗಳೂರಿನ ರಾತ್ರಿ ಬಸ್ಸಿಗೆ ಹತ್ತಿಸಿ, ಬಸ್ಸು ಒಂಬತ್ತು ತಾಸಿನಲ್ಲಿ ತಲುಪಿತೆಂದರೆ ಅದು ಸೆಕೆಂಡಿಗೆ ಸುಮಾರು 247 ಮೆಗಾಬಿಟ್ ವೇಗಕ್ಕೆ ಸಮ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ಲೆಕ್ಕ ತಪ್ಪುತ್ತದೆಂಬುದು ಬೇರೆ ಮಾತು. ಪ್ರತಿಕೃತಿ ಅಳವಡಿಸುವವರು ಕೂಡ ಮೊದಲ ಪೂರ್ಣ ನಕಲನ್ನು ಸಗಟಾಗಿ ಸಾಗಿಸಿ, ಅನಂತರದ ಬದಲಾವಣೆಗಳನ್ನಷ್ಟೇ ತಂತಿಯ ಮೂಲಕ ಹರಿಸುವುದು ವಾಡಿಕೆ.

ಪ್ರತಿಕೃತಿಯಿದ್ದರೆ ಬ್ಯಾಕಪ್ ಬೇಡವೆಂಬ ಭ್ರಮೆಯಂತೂ ಅಪಾಯಕಾರಿ. ಮೂಲದಲ್ಲಿ ತಪ್ಪಾಗಿ ಅಳಿಸಿದ ಖಾತೆ ಮರುಕ್ಷಣವೇ ನಕಲಿನಲ್ಲಿಯೂ ಅಳಿಯುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೆಸರಾಂತ ತಂತ್ರಾಂಶ ಸಂಸ್ಥೆಯಲ್ಲಿ, ಹಿಂದುಳಿದಿದ್ದ ಪ್ರತಿಕೃತಿಯನ್ನು ಸರಿಪಡಿಸಲು ಹೊರಟ ಎಂಜಿನಿಯರೊಬ್ಬರು ನಕಲಿನ ಕಡತಗಳೆಂದು ತಿಳಿದು ಮೂಲದ ಕಡತಗಳನ್ನೇ ಅಳಿಸಿಬಿಟ್ಟರು. ಕೈ ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟ್‌ಗಳಲ್ಲಿ ಉಳಿದದ್ದು ನಾಲ್ಕೂವರೆ ಮಾತ್ರ. ನಕಲಿನಲ್ಲಿಯೂ ಏನೂ ಇರಲಿಲ್ಲ. ದಿನನಿತ್ಯದ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ವಿಫಲವಾಗುತ್ತಿತ್ತು; ಎಚ್ಚರಿಕೆಯ ಮಿಂಚಂಚೆಗಳು ಯಾರಿಗೂ ತಲುಪಿರಲಿಲ್ಲ. ಆರು ಗಂಟೆ ಹಿಂದೆ ತೆಗೆದಿಟ್ಟಿದ್ದ ಒಂದು ನಕಲು ಅವರನ್ನು ಕಾಪಾಡಿತು. ನಡುವಿನ ಆರು ತಾಸಿನ ದತ್ತಾಂಶ ಹೋಯಿತು.

ನಮ್ಮ ಸದಸ್ಯರಲ್ಲಿ ಕಂಪನಿಯಾಗಿ ನೋಂದಾಯಿತರಾಗಿ ಗಣಕದಲ್ಲಿ ಲೆಕ್ಕ ಇಡುವವರಿಗೆ ಇದು ಈಗ ಕಾನೂನಿನ ವಿಷಯವೂ ಹೌದು. 2022ರ ಆಗಸ್ಟ್‌ನ ತಿದ್ದುಪಡಿಯಂತೆ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನವೂ ಇಡಬೇಕು. ಮೊದಲು ಕಾಲಕಾಲಕ್ಕೆ ಇಟ್ಟರೆ ಸಾಕಿತ್ತು.

ಯಾವ ವಿಧಾನವನ್ನು ಆರಿಸಿದರೂ ತಾಳೆ ನೋಡುವ ಕೆಲಸ ಮಾಲೀಕರದೇ. ಕಳುಹಿಸಿದ ವೋಚರುಗಳ ಸಂಖ್ಯೆ, ಅವುಗಳ ಒಟ್ಟು ಮೊತ್ತ ಎರಡೂ ಕಡೆ ಒಂದೇ ಇರಬೇಕು. ತಿಂಗಳಿಗೊಮ್ಮೆಯಾದರೂ ಬ್ಯಾಕಪ್ಪನ್ನು ಬೇರೊಂದು ಗಣಕದಲ್ಲಿ ತೆರೆಯಿಸಿ, ತಾಳೆಪಟ್ಟಿಯನ್ನು ಮುದ್ರಿಸಿ ಮೂಲದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ಅರ್ಧ ತಾಸಿನ ಕೆಲಸ. ಗುಮಾಸ್ತರ ಮೇಲೆ ಬಿಡದೆ ತಾವೇ ಎದುರಿಗೆ ಕುಳಿತು ಮಾಡಿಸುವುದು ಲೇಸು.