ಜಾತ್ರೆಯ ಎತ್ತು, ಊರಿನ ನಕ್ಷೆ

ಮುಳಬಾಗಿಲು ಕಡೆಯ ಶಾಲೆಯ ಮೇಷ್ಟ್ರೊಬ್ಬರು ಪತ್ರ ಬರೆದು ಕೇಳಿದ್ದಾರೆ: ‘ಹೊರದೇಶದ ಕಡಲತಡಿಯ ಊರುಗಳಲ್ಲಿ ಅಲ್ಲಿನ ಜನರನ್ನೇ ಕೇಳಿ ಸಾಂಸ್ಕೃತಿಕ ನಕ್ಷೆ ಮಾಡುತ್ತಾರಂತೆ. ನಮ್ಮ ಆವನಿಗೆ ಕಡಲಿಲ್ಲ. ಬೆಟ್ಟವಿದೆ, ಕೆರೆಯಿದೆ, ಜಾತ್ರೆಯಿದೆ. ಮಕ್ಕಳ ಕೈಲಿ ಅಂಥ ನಕ್ಷೆ ಮಾಡಿಸಬಹುದೇ? ಊರವರು ಹೇಳಿದ್ದನ್ನೆಲ್ಲ ಬರೆದುಕೊಂಡರೆ ಅದು ವಿಜ್ಞಾನ ಆಗುತ್ತದೆಯೇ?’

ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದರ ಉತ್ತರ ಆವನಿಯ ದನಗಳ ಜಾತ್ರೆಯಲ್ಲೇ ಇದೆ.

ಶಿವರಾತ್ರಿಯ ಆಸುಪಾಸಿನಲ್ಲಿ ಸೇರುವ ಆ ಜಾತ್ರೆಗೆ ಗಡಿಯಾಚೆ ಆಂಧ್ರದಿಂದ, ತಮಿಳುನಾಡಿನಿಂದಲೂ ರೈತರು ಬರುತ್ತಾರೆ. ಪೆಂಡಾಲಿನ ನೆರಳಲ್ಲಿ ಹಳ್ಳಿಕಾರ್ ಎತ್ತಿನ ಜೋಡಿ ನಿಂತಿರುತ್ತದೆ. ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ಊರುವ ಬಗೆ ನೋಡುತ್ತಾನೆ. ಆಮೇಲೆ ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಕೈ ಮೇಲೆ ಹಾಸುತ್ತಾನೆ. ಬಟ್ಟೆಯ ಅಡಿಯಲ್ಲಿ ಬೆರಳು ಬೆರಳನ್ನು ಹಿಡಿಯುತ್ತದೆ. ಬೆರಳೇ ಸಾವಿರ, ಬೆರಳೇ ಲೆಕ್ಕ. ಪಕ್ಕದಲ್ಲಿ ನಿಂತವನಿಗೆ ಎಷ್ಟಕ್ಕೆ ಕೇಳಿದರು ಎಂಬುದು ತಿಳಿಯುವುದಿಲ್ಲ. ಹಾಗಾಗಿ ಆ ಜೋಡಿ ಎಷ್ಟು ಬಾಳುತ್ತದೆ ಎಂಬುದನ್ನು ಅವನು ತನ್ನ ಕಣ್ಣಿನಿಂದಲೇ ಅಳೆಯಬೇಕು. ಈ ಟವೆಲ್ ನೆನಪಿರಲಿ.

1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ, ಅದೂ ಕಡಲತಡಿಯ ಊರೇ, ಒಂದು ದನಗಳ ಪ್ರದರ್ಶನ ನಡೆಯಿತು. ಕೊಬ್ಬಿದ ಎತ್ತೊಂದನ್ನು ನಿಲ್ಲಿಸಿ, ಅದನ್ನು ಕೊಯ್ದು ಹಸನು ಮಾಡಿದ ಮೇಲೆ ಎಷ್ಟು ತೂಗೀತು ಎಂದು ಊಹಿಸಲು ಪಂದ್ಯ ಇಟ್ಟರು. ಆರು ಪೆನ್ಸ್ ಕೊಟ್ಟು ಚೀಟಿ ಕೊಂಡು, ಅದರಲ್ಲಿ ತೂಕ ಬರೆದು ಹಾಕಬೇಕು. ಕಸಾಯಿಗಳು, ರೈತರು ಬರೆದರು. ದನದ ಗಂಧಗಾಳಿ ಇಲ್ಲದವರೂ ಬರೆದರು. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಆ ಚೀಟಿಗಳನ್ನು ತರಿಸಿಕೊಂಡು, ಕೆಟ್ಟವನ್ನು ತೆಗೆದು, ಉಳಿದ 787ನ್ನು ತೂಕದ ಏರಿಕೆಯಲ್ಲಿ ಸಾಲಾಗಿ ಜೋಡಿಸಿದರು. ಸರಿಯಾಗಿ ನಡುವೆ ಬಂದ ಚೀಟಿಯಲ್ಲಿ 1,207 ಪೌಂಡ್ ಎಂದಿತ್ತು. ಎತ್ತು ನಿಜವಾಗಿ ತೂಗಿದ್ದು 1,198 ಪೌಂಡ್. ವ್ಯತ್ಯಾಸ ಒಂಬತ್ತು ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕು ಕಿಲೊ. 1907ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದ ಗಾಲ್ಟನ್ ಸಾಮಾನ್ಯರ ಬುದ್ಧಿಯನ್ನು ದೊಡ್ಡದಾಗಿ ನಂಬಿದವರೇನೂ ಅಲ್ಲ. ಲೆಕ್ಕ ಅವರನ್ನು ಒಪ್ಪಿಸಿತು.

ಇದು ಪವಾಡವಲ್ಲ. ಒಬ್ಬ ಹೆಚ್ಚು ಹೇಳುತ್ತಾನೆ, ಇನ್ನೊಬ್ಬ ಕಡಿಮೆ ಹೇಳುತ್ತಾನೆ. ತಪ್ಪುಗಳು ಎರಡೂ ಕಡೆಗೆ ಎಳೆಯುವುದರಿಂದ ಒಂದನ್ನೊಂದು ಹೊಡೆದುಹಾಕಿಕೊಳ್ಳುತ್ತವೆ. ಆದರೆ ಒಬ್ಬನ ಊಹೆ ಇನ್ನೊಬ್ಬನ ಕಿವಿಗೆ ಬೀಳಬಾರದು. ಪ್ಲಿಮತ್‌ನಲ್ಲಿ ಚೀಟಿ ಮಾಡಿದ ಕೆಲಸವನ್ನು ನಮ್ಮ ಜಾತ್ರೆಯಲ್ಲಿ ಟವೆಲ್ ಮಾಡುತ್ತದೆ. ದೊಡ್ಡಗೌಡರು ಮೊದಲು ಬಾಯಿಬಿಟ್ಟು ಒಂದು ಬೆಲೆ ಹೇಳಿದರು ಅನ್ನಿ, ಉಳಿದವರ ಬೆಲೆಯೆಲ್ಲ ಅದರ ಸುತ್ತಲೇ ಗಿರಕಿ ಹೊಡೆಯುತ್ತದೆ. ಆಗ ನೂರು ಜನರನ್ನು ಕೇಳಿದರೂ ಸಿಕ್ಕಿದ್ದು ಒಬ್ಬರ ಮಾತೇ. ಊರಿನ ನಕ್ಷೆ ಮಾಡಲು ಹೊರಟು ಮೊದಲ ದಿನವೇ ಸಭೆ ಕರೆಯುವವರು ಮಾಡುವ ತಪ್ಪು ಇದೇ.

ತೂಕಕ್ಕೆ ತಕ್ಕಡಿ ಇದೆ. ‘ಊರ ನಡು ಎಲ್ಲಿ’ ಎಂಬುದಕ್ಕೆ ತಕ್ಕಡಿ ಎಲ್ಲಿದೆ? ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಎಂಬ ಇನ್ನೊಂದು ಕಡಲೂರಿನಲ್ಲಿ ಭೂಗೋಳ ತಜ್ಞರಾದ ಡೇನಿಯಲ್ ಮಾಂಟೆಲ್ಲೊ, ಮೈಕೆಲ್ ಗುಡ್‌ಚೈಲ್ಡ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಬೀದಿಯಲ್ಲಿ ಹೋಗುವವರನ್ನು ತಡೆದು, ಊರಿನ ನಕ್ಷೆ ಕೈಗಿಟ್ಟು, ‘ನಿಮ್ಮ ಪ್ರಕಾರ ಪೇಟೆ ಎಲ್ಲಿಂದ ಎಲ್ಲಿಗೆ? ಗೆರೆ ಎಳೆಯಿರಿ’ ಎಂದರು. ಒಬ್ಬೊಬ್ಬರ ಗೆರೆ ಒಂದೊಂದು ಕಡೆ ಹೋಯಿತು. ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ, ನಡುವೆ ಎಲ್ಲರೂ ಒಪ್ಪುವ ಗಟ್ಟಿ ತಿರುಳು, ಅಂಚಿಗೆ ಹೋದಂತೆ ತೆಳುವಾಗುವ ಒಪ್ಪಿಗೆ. ಆ ತೆಳುವಾದ ಅಂಚನ್ನು ನಾನು ದೋಷ ಎನ್ನಲಾರೆ. ಊರು ಇರುವುದೇ ಹಾಗೆ. ಕಡಲತಡಿಯವರನ್ನು ಕೇಳಿ, ನೀರು ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಗುತ್ತದೆ ಎಂದು. ಭರತವೇ ಇಳಿತವೇ ಎಂದು ಅವರು ತಿರುಗಿ ಕೇಳುತ್ತಾರೆ.

ಆವನಿಗೂ ಭರತ ಇಳಿತ ಇದೆ, ವರ್ಷಕ್ಕೊಂದು ಸಲ. ಜಾತ್ರೆಯ ದಿನಗಳಲ್ಲಿ ಬಯಲಿನಲ್ಲಿ ಹಗ್ಗ, ಗಂಟೆ, ಮೂಗುದಾರ ಮಾರುವ ಸಾಲಂಗಡಿಗಳು, ಮೇವಿನ ರಾಶಿಗಳು, ಒಲೆಗಳು ಸೇರಿ ಒಂದು ಪೇಟೆಯೇ ಎದ್ದು ನಿಲ್ಲುತ್ತದೆ. ಬೀದಿ ಇರುತ್ತದೆ, ಆ ಬೀದಿಗೆ ರೂಢಿಯ ಹೆಸರೂ ಇರುತ್ತದೆ. ಹಬ್ಬ ಕಳೆದ ಮೇಲೆ ಎಲ್ಲವೂ ಬರಿ ಬಯಲು. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಅಂಥ ಜಾಗಕ್ಕೆ ಒಂದು ಸರ್ವೆ ನಂಬರ್ ಸಿಕ್ಕೀತು, ಇಲ್ಲವೇ ಖರಾಬು ಎಂಬ ಪದ. ದಿಶಾಂಕ್ ಆ್ಯಪ್ ತೆರೆದು ನಿಂತರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಅದು ದೊಡ್ಡ ಉಪಕಾರವೇ. ಆದರೆ ಯಾವ ಊರಿನವರು ತಲೆತಲಾಂತರದಿಂದ ಯಾವ ಮರದಡಿ ದನ ಕಟ್ಟುತ್ತಾರೆ ಎಂಬುದು ಯಾವ ಇಲಾಖೆಯ ಕಡತದಲ್ಲೂ ಸಿಗುವಂಥದ್ದಲ್ಲ. ಸಾಂಸ್ಕೃತಿಕ ನಕ್ಷೆಗೆ ಉದ್ದ, ಅಗಲದ ಜೊತೆ ತಿಥಿಯೂ ಬೇಕು. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ‘ಹುಣ್ಣಿಮೆ ಹಾಡು’ ನಡೆಯುತ್ತದಲ್ಲ, ಆ ಜಾಗವನ್ನು ಅಮಾವಾಸ್ಯೆಯ ದಿನ ಗುರುತು ಮಾಡಿದರೆ ಗುರುತು ಮಾಡಿದ ಹಾಗಾಯಿತೇ?

ಕಲ್ಲಿನ ಗುಡಿಗಳ ಮಾತು ಬೇರೆ. ರಾಮಲಿಂಗೇಶ್ವರ, ಲಕ್ಷ್ಮಣಲಿಂಗೇಶ್ವರ, ಭರತಲಿಂಗೇಶ್ವರ, ಶತ್ರುಘ್ನಲಿಂಗೇಶ್ವರ ಎಂದು ಒಂದೇ ಪ್ರಾಕಾರದಲ್ಲಿ ಅಣ್ಣತಮ್ಮಂದಿರ ಹೆಸರಿನ ನೊಳಂಬರ ಕಾಲದ ಗುಡಿಗಳು ಗಟ್ಟಿಯಾಗಿ ನಿಂತಿವೆ. ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ ಅಚ್ಚು ಹಾಕಿಸಿದಾಗಿನಿಂದ ಅವು ಪಂಡಿತರ ನಕ್ಷೆಯಲ್ಲಿವೆ. ಮೊಬೈಲಿನ ಜಿಪಿಎಸ್ ಕೂಡ ಅಂಗಳದಲ್ಲಿ ಅವುಗಳ ಸ್ಥಾನವನ್ನು ಐದು ಮೀಟರ್ ಆಚೀಚೆಯಲ್ಲಿ ಹೇಳಿಬಿಡುತ್ತದೆ. ಆದರೆ ಮಂಟಪದ ಒಳಗೆ ಹೋಗಿ ಇಲ್ಲವೇ ಬೆಟ್ಟದ ಬಂಡೆಯ ಮಗ್ಗುಲಲ್ಲಿ ನಿಂತು ನೋಡಿ, ಪರದೆಯ ಮೇಲಿನ ನೀಲಿ ಚುಕ್ಕಿ ತಡಬಡಾಯಿಸುತ್ತದೆ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹದಿಂದ ಬರುವ ಸಂಕೇತ ಎಷ್ಟು ಹೊತ್ತು ತೆಗೆದುಕೊಂಡಿತು ಎಂಬುದರಿಂದ ಮೊಬೈಲು ದೂರ ಲೆಕ್ಕ ಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ 300 ಮೀಟರ್ ತಪ್ಪಿದಂತೆ. ಸಂಕೇತ ಬಂಡೆಗೆ ಬಡಿದು ಬಳಸಿಕೊಂಡು ಬಂದರೆ ದಾರಿ ಉದ್ದವಾಗುತ್ತದೆ, ಯಂತ್ರ ನಂಬಿ ಮೋಸಹೋಗುತ್ತದೆ. ಅಂಥ ಕಡೆ ‘ಮೂರನೇ ಮೆಟ್ಟಿಲ ಎಡಕ್ಕೆ, ಬಿರುಕು ಬಿಟ್ಟ ಗುಂಡಿನ ಪಕ್ಕ’ ಎನ್ನುವ ದನ ಕಾಯುವ ಹುಡುಗನ ಮಾತೇ ಹೆಚ್ಚು ನಿಖರ.

ಬೆಟ್ಟದ ಮೇಲೆ ಸೀತಮ್ಮನ ಗುಡಿಯಿದೆ. ವಾಲ್ಮೀಕಿ ಇದ್ದದ್ದು ಇಲ್ಲಿ, ಲವಕುಶರು ಹುಟ್ಟಿದ್ದು ಇಲ್ಲಿ ಎಂದು ಊರವರು ತೋರಿಸುವ ಜಾಗಗಳಿವೆ. ಇತಿಹಾಸದ ಪ್ರಶ್ನೆಯನ್ನು ಇತಿಹಾಸಕಾರರಿಗೆ ಬಿಡೋಣ. ನಕ್ಷೆ ಮಾಡುವವರಿಗೆ ಬೇಕಾದ ಸತ್ಯ ಇನ್ನೊಂದಿದೆ: ಹರಕೆ ಹೊತ್ತವರು ಎಲ್ಲಿ ನಿಲ್ಲುತ್ತಾರೆ, ಯಾವ ಹಾದಿಯಲ್ಲಿ ಹತ್ತುತ್ತಾರೆ, ಎಲ್ಲಿ ಚಪ್ಪಲಿ ಬಿಡುತ್ತಾರೆ. ಅದನ್ನು ಅಳೆಯಬಹುದು, ಎಣಿಸಬಹುದು, ಮುಂದಿನ ವರ್ಷ ಮತ್ತೆ ಎಣಿಸಿ ತಾಳೆ ನೋಡಬಹುದು. ಡ್ರೋನ್ ಹಾರಿಸಿ ಒಂದೇ ದಿನದಲ್ಲಿ ಸಾಂಸ್ಕೃತಿಕ ನಕ್ಷೆ ತಯಾರಿಸಿ ಕೊಡುತ್ತೇವೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಡ್ರೋನಿಗೆ ಕಲ್ಲು ಕಾಣುತ್ತದೆ. ಆ ಕಲ್ಲಿಗೆ ಯಾವ ವಾರ ಯಾರು ಅರಿಶಿನ ಹಚ್ಚುತ್ತಾರೆ ಎಂಬುದು ಕಾಣುವುದಿಲ್ಲ.

ಜನರನ್ನು ಕೇಳಿ ನಕ್ಷೆ ಮಾಡುವುದು ಈ ಸೀಮೆಗೆ ಹೊಸದೂ ಅಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷ್ ಸೇನಾಧಿಕಾರಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದಾಗ ಸರಪಳಿ ಹಿಡಿದು ನೆಲ ಅಳೆಯುವುದರ ಜೊತೆಗೆ ಊರೂರಿನ ಕೈಫಿಯತ್ತುಗಳನ್ನೂ, ಅಂದರೆ ಊರವರು ಹೇಳುವ ವೃತ್ತಾಂತಗಳನ್ನೂ, ಬರೆಸಿಕೊಂಡರು. ಆ ಕೆಲಸದ ಜೀವಾಳ ಮೆಕೆಂಜಿಯ ಸಹಾಯಕ ಕಾವಲಿ ವೆಂಕಟ ಬೋರಯ್ಯ ಮತ್ತು ಅವರ ತಮ್ಮಂದಿರು. ಅದೇ ಹೊತ್ತಿಗೆ, 1802ರಲ್ಲಿ, ಜಾನ್ ವಾರನ್ ಎಂಬ ಅಧಿಕಾರಿ ಮೈಸೂರಿನ ಮೂಡಣ ಗಡಿ ಗುರುತಿಸಲು ಇದೇ ಕಡೆಗೆ ಬಂದರು. ಇಲ್ಲಿ ಚಿನ್ನ ಸಿಗುತ್ತದೆಂಬ ಮಾತು ಕಿವಿಗೆ ಬಿದ್ದು, ತೋರಿಸಿದವರಿಗೆ ಇನಾಮು ಎಂದು ಸಾರಿದರು. ಉರಿಗಾಂನ ಜನ ಗಾಡಿಯಲ್ಲಿ ಮಣ್ಣು ತಂದರು. ಹೆಂಗಸರು ವಾರನ್ ಕಣ್ಣೆದುರೇ ಆ ಮಣ್ಣನ್ನು ತೊಳೆದು ಚಿನ್ನದ ಕಣ ತೋರಿಸಿದರು. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಗಳ ಚರಿತ್ರೆಯಲ್ಲಿ ವಾರನ್ ಹೆಸರಿದೆ. ಮಣ್ಣು ತೊಳೆದವರ ಹೆಸರುಗಳಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೇಷ್ಟ್ರೇ, ನಿಮ್ಮ ಮಕ್ಕಳ ನಕ್ಷೆಯಲ್ಲಿ ಪ್ರತಿ ಗುರುತಿನ ಪಕ್ಕದಲ್ಲೂ ಅದನ್ನು ಹೇಳಿದವರ ಹೆಸರಿರಲಿ, ಅವರು ಒಪ್ಪಿದರೆ.

ಕರ್ನಾಟಕದಲ್ಲಿ ಈ ವಿದ್ಯೆ ಹೊಸ ರೂಪದಲ್ಲಿ ಮರಳಿದ್ದು 1980ರ ದಶಕದ ಕೊನೆಗೆ. ಬೆಂಗಳೂರಿನ ಮೈರಾಡ ಸಂಸ್ಥೆಯವರು ಹಳ್ಳಿಗಳಲ್ಲಿ ಕಾಗದ ಪೆನ್ನು ಬದಿಗಿಟ್ಟು, ರಂಗೋಲಿ ಪುಡಿ, ಹುಣಸೆ ಬೀಜ, ಬೆಣಚುಕಲ್ಲು ಕೊಟ್ಟು ‘ನಿಮ್ಮೂರನ್ನು ನೆಲದ ಮೇಲೆ ಬರೆಯಿರಿ’ ಎಂದರು. ಬ್ರಿಟನ್ನಿನ ಅಭಿವೃದ್ಧಿ ಅಧ್ಯಯನಕಾರ ರಾಬರ್ಟ್ ಚೇಂಬರ್ಸ್ ಈ ಬಗೆಯ ಅನುಭವಗಳನ್ನು ಜಗತ್ತಿಗೇ ತಿಳಿಸಿದರು. ಕಾಗದದ ಮೇಲಾದರೆ ಪೆನ್ನು ಹಿಡಿದವನೇ ಯಜಮಾನ. ನೆಲದ ಮೇಲಿನ ನಕ್ಷೆಗೆ ನಾಲ್ಕೂ ಕಡೆಯಿಂದ ಕೈ ಬರುತ್ತದೆ. ಅಕ್ಷರ ಬಾರದ ಅಜ್ಜಿ ಕೂಡ ‘ಏ, ಬಾವಿ ಅಲ್ಲಲ್ಲಪ್ಪಾ’ ಎಂದು ಬೀಜವನ್ನು ಒಂದು ಗೇಣು ಈಚೆಗೆ ಸರಿಸುತ್ತಾಳೆ. ತಪ್ಪಿದರೆ ಅಂಗೈಯಿಂದ ಒರೆಸಿ ಮತ್ತೆ ಎಳೆಯಬಹುದು. ಮುಂಜಾನೆ ಬಾಗಿಲ ಮುಂದೆ ಚುಕ್ಕಿ ಇಟ್ಟು ಗೆರೆ ಕೂಡಿಸುವ ಕೈಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಂಪ್ಯೂಟರಿನ ಭೂಮಾಹಿತಿ ವ್ಯವಸ್ಥೆ ಕೂಡ ಜಗತ್ತನ್ನು ಚುಕ್ಕಿ, ಗೆರೆ, ಆವರಣ ಎಂಬ ಮೂರು ಬಗೆಯಲ್ಲಿ ಹಿಡಿಯಬಲ್ಲದು, ಥೇಟ್ ರಂಗೋಲಿಯ ಹಾಗೆ.

ಹಾಗಾದರೆ ಟವೆಲ್ಲೋ, ರಂಗೋಲಿಯೋ? ಎರಡೂ ಬೇಕು, ಅದೇ ಸರದಿಯಲ್ಲಿ. ಮೊದಲು ಒಬ್ಬೊಬ್ಬರನ್ನೇ ಅವರವರ ಜಗಲಿಯಲ್ಲಿ ಕೂತು ಕೇಳಬೇಕು. ಆಮೇಲೆ ಎಲ್ಲರನ್ನೂ ಸೇರಿಸಿ ನೆಲದ ಮೇಲೆ ಬರೆಸಬೇಕು. ಎರಡರ ನಡುವೆ ಏನು ಬಿದ್ದುಹೋಯಿತು ಎಂದು ನೋಡಿದರೆ ಯಾರ ಮಾತು ಸಭೆಯಲ್ಲಿ ಅಡಗಿತು ಎಂಬುದು ತಿಳಿಯುತ್ತದೆ. ಏಕೆಂದರೆ ಗಾಲ್ಟನ್ನರ ಲೆಕ್ಕಕ್ಕೂ ಒಂದು ಮಿತಿಯಿದೆ. ಎಲ್ಲರ ತಪ್ಪೂ ಒಂದೇ ಕಡೆಗೆ ವಾಲಿದ್ದರೆ ನಡುವಿನ ಚೀಟಿಯೂ ವಾಲಿರುತ್ತದೆ. ಮೇಲಿನ ಕೇರಿಯ ನೂರು ಜನರನ್ನಷ್ಟೇ ಕೇಳಿದರೆ ಕೆಳಗಿನ ಕೇರಿಯ ದೇವರು, ಮಸಣ, ತಮಟೆ ಕಾಯಿಸುವ ಜಾಗ ನಕ್ಷೆಯಲ್ಲಿ ಬರುವುದೇ ಇಲ್ಲ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಸೀಮೆ ಇದು. ಒಂದೇ ಬಂಡೆಗೆ ಎರಡು ಹೆಸರಿದ್ದರೆ ಎರಡನ್ನೂ ಬರೆಯಿರಿ. ಮೂಡಲಬಾಗಿಲು ಬಾಯಿಂದ ಬಾಯಿಗೆ ಸವೆದು ಮುಳಬಾಗಿಲು ಆದ ನಾಡಿನಲ್ಲಿ ಹೆಸರಿನ ಒಂದೊಂದು ಅಕ್ಷರವೂ ಸಾಕ್ಷಿ.

ಒಂದು ಎಚ್ಚರಿಕೆ. 2021ರಿಂದ ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ, ಅದು ಬಹು ದೊಡ್ಡ ಕೆಲಸ. ಆದರೆ ಕಾಡಂಚಿನ ಒಂಟಿ ವೀರಗಲ್ಲು, ಪಾಳುಗುಡಿ ಇವುಗಳ ಕರಾರುವಾಕ್ಕಾದ ಗುರುತು ನಿಧಿಗಳ್ಳರ ಕೈಗೆ ಸಿಕ್ಕರೆ ಗುದ್ದಲಿ ಬೀಳುತ್ತದೆ. ಅಂಥವನ್ನು ಹೊರಗಿನವರ ನಕ್ಷೆಯಲ್ಲಿ ಮಸುಕು ಮಾಡಿ, ಊರಿನ ಪ್ರತಿಯಲ್ಲಿ ಮಾತ್ರ ಸ್ಪಷ್ಟವಾಗಿ ಇಡುವುದು ಮೇಲು. ಯಾವುದನ್ನು ಮಸುಕು ಮಾಡಬೇಕೆಂದು ಊರೇ ಹೇಳಲಿ.

ಇನ್ನು ಮೊದಲ ಪ್ರಶ್ನೆ: ಮಕ್ಕಳ ಕೈಲಿ ಖಂಡಿತ ಮಾಡಿಸಬಹುದು. ಎಲ್ಲಿಂದ ಶುರು ಮಾಡುವುದು? ಕೆರೆಯಿಂದ. ತ್ರಿಭುವನಕರ್ತ ಎಂಬ ಯತಿ 40 ವರ್ಷ ಆವನಿಯ ಸ್ಥಾನವನ್ನಾಳಿ 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಹತ್ತನೆಯ ಶತಮಾನದ ಶಾಸನ ಹೇಳುತ್ತದೆ. ನಿಮ್ಮ ಸುತ್ತಿನಲ್ಲಿ ತೂಬು ಎತ್ತಿ ನೀರು ಬಿಟ್ಟಿದ್ದ ಹಳೆಯ ನೀರುಗಂಟಿಯೊಬ್ಬರು ಇದ್ದರೆ ಅವರನ್ನು ಶಾಲೆಯ ಅಂಗಳಕ್ಕೆ ಕರೆಯಿರಿ. ಕೈಗೆ ರಂಗೋಲಿ ಪುಡಿ ಕೊಡಿ. ಏರಿ, ತೂಬು, ಕೋಡಿ, ಆ ಕೋಡಿಯ ನೀರು ಮುಂದೆ ಸೇರುವ ಕೆರೆ, ಅದರ ಮುಂದಿನದು, ಅವರು ಎಳೆಯುತ್ತಾ ಹೋಗಲಿ. ಅಂಗಳ ಸಾಲದೆ ಹೋಗಬಹುದು, ಮಕ್ಕಳನ್ನು ಸ್ವಲ್ಪ ಹಿಂದಕ್ಕೆ ಕೂರಿಸಿ.