ಜೋಮಿಗೆ ತಮಿಳು ಹುಡುಕಿದ ರಾತ್ರಿ

ನಮ್ಮ ಟೀಮಿಗೆ ಸೇರಿ ಆರು ತಿಂಗಳಾಗಿದ್ದ ದಾವಣಗೆರೆಯ ಹುಡುಗನ ಬೈಕ್, ಚೆನ್ನೈನ ಓಎಂಆರ್ ರಸ್ತೆಯಲ್ಲಿ ಮಳೆಗೆ ಜಾರಿತು. 108 ಅವನನ್ನು ಆಸ್ಪತ್ರೆಗೆ ಸೇರಿಸಿದಾಗ ರಾತ್ರಿ ಹನ್ನೊಂದು. ನಾನು ತಲುಪುವಷ್ಟರಲ್ಲಿ ಉಸಿರಾಟ, ನಾಡಿ, ಪ್ರಜ್ಞೆ ಎಲ್ಲ ನೋಡಿ, ತೊಡೆಯ ಗಾಯದ ರಕ್ತ ನಿಲ್ಲಿಸಿದ್ದರು. ‘ಸದ್ಯ ಸ್ಥಿರವಾಗಿದ್ದಾನೆ’ ಎಂದರು. ಮುಗಿಯಿತು ಎಂದುಕೊಂಡೆ. ಡ್ಯೂಟಿ ಡಾಕ್ಟರಿಗೆ ಅದು ಅರ್ಧ ಕೆಲಸವಷ್ಟೇ.

ಉಳಿದರ್ಧದ ಹೆಸರು ಸೆಕೆಂಡರಿ ಸರ್ವೇ. ಜೀವ ತೆಗೆಯುವ ಅಪಾಯಗಳನ್ನು ಮೊದಲ ಸುತ್ತಿನಲ್ಲಿ ನಿಭಾಯಿಸಿದ ಮೇಲೆ, ನೆತ್ತಿಯಿಂದ ಅಂಗಾಲಿನವರೆಗೆ ಮಾಡುವ ತಪಾಸಣೆ. ತಲೆ ತಡವಿದರು. ಕಿವಿ, ಮೂಗಿನಿಂದ ರಕ್ತವೋ ನೀರೋ ಇಳಿಯುತ್ತಿದೆಯೇ ನೋಡಿದರು. ಕುತ್ತಿಗೆ, ಎದೆ, ಹೊಟ್ಟೆ, ಸೊಂಟ. ನಾಲ್ಕು ಜನ ಸೇರಿ, ಬೆನ್ನುಮೂಳೆ ತಿರುಚದಂತೆ ಮರದ ದಿಮ್ಮಿಯ ಹಾಗೆ ಹೊರಳಿಸಿ ಬೆನ್ನು ನೋಡಿದರು. ಸರ್ವರ್ ಮತ್ತೆ ಎದ್ದ ಮೇಲೆ ಲಾಗ್‌ಗಳನ್ನು ಸಾಲು ಸಾಲಾಗಿ ಓದುವ ನಮ್ಮ ಕೆಲಸ ನೆನಪಾಯಿತು. ನಡುವೆ ಸ್ಥಿತಿ ಬಿಗಡಾಯಿಸಿದರೆ ಮಾತ್ರ ಎಲ್ಲ ಬಿಟ್ಟು ಮತ್ತೆ ಉಸಿರಿನಿಂದಲೇ ಶುರು.

‘ವಲಿಕ್ಕುದಾ?’ ಎಂದು ಡಾಕ್ಟರ್ ಕೇಳುತ್ತಿದ್ದರು. ಆಫೀಸಿನಲ್ಲಿ ಸಲೀಸಾಗಿ ಇಂಗ್ಲಿಷ್ ಮಾತಾಡುವ ಹುಡುಗನ ಬಾಯಲ್ಲಿ ಆಗ ಬಂದದ್ದು ಕನ್ನಡ ಮಾತ್ರ. ‘ಅಣ್ಣಾ, ಕೈ ಜೋಮು ಹಿಡಿದೈತಿ.’ ತರಕಾರಿ ಅಂಗಡಿಯಲ್ಲಿ ಕಲಿತ ನನ್ನ ತಮಿಳಿನಲ್ಲಿ ಜೋಮಿಗೆ ಪದವಿರಲಿಲ್ಲ. ಬೆರಳು ಆಡಿಸಿ ತೋರಿಸಿದೆ. ನರ್ಸ್ ಅರ್ಥ ಮಾಡಿಕೊಂಡು, ‘ಮರತ್ತುಪ್ಪೋಚ್ಚಾ?’ ಎಂದರು. ಡಾಕ್ಟರ್ ಮತ್ತೆ ಕೈಗೆ ಬಂದರು. ಉಗುರು ಒತ್ತಿ ಬಿಟ್ಟು ಬಣ್ಣ ಮರಳುವುದನ್ನು ನೋಡಿದರು. ಎಕ್ಸ್‌ರೇಯಲ್ಲಿ ಮಣಿಕಟ್ಟು ಮುರಿದಿತ್ತು. ತೊಡೆಯ ದೊಡ್ಡ ಗಾಯದ ಮುಂದೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆಮೇಲೆ ಐದು ಪ್ರಶ್ನೆ: ಯಾವ ಔಷಧಿ ಒಗ್ಗುವುದಿಲ್ಲ? ಈಗ ಏನು ಮಾತ್ರೆ ತಗೊಳ್ಳುತ್ತಾನೆ? ಹಿಂದೆ ಕಾಯಿಲೆ ಇತ್ತೇ? ಕೊನೆಗೆ ಊಟ ಮಾಡಿದ್ದು ಯಾವಾಗ? ಅಪಘಾತ ಹೇಗಾಯಿತು? ಮೊದಲನೆಯದಕ್ಕೆ ಹುಡುಗ ‘ಗೊತ್ತಿಲ್ಲ’ ಎಂದ. ದಿನಾ ಒಟ್ಟಿಗೆ ಕೂತು ಕೆಲಸ ಮಾಡುವ ನನಗೂ ಗೊತ್ತಿರಲಿಲ್ಲ. ಅಷ್ಟು ಹೊತ್ತಿನಲ್ಲಿ ಅವನ ತಾಯಿಗೆ ಫೋನ್ ಮಾಡಲು ಕೈ ಬರಲಿಲ್ಲ. ಆದರೂ ಮಾಡಿದೆ. ‘ಅವ್ನಿಗೆ ಪೆನ್ಸಿಲಿನ್ ಆಗಲ್ಲಪ್ಪ, ಸಣ್ಣೋನಿದ್ದಾಗ ಮೈಯೆಲ್ಲ ದದ್ದೆದ್ದಿತ್ತು’ ಎಂದರು. ಮೊದಲು ಉತ್ತರ ಕೊಟ್ಟು, ಆಮೇಲೆ ಅತ್ತರು. ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಅದು ದಾಖಲಾಯಿತು.

ಈ ಕ್ರಮಕ್ಕೂ ಒಂದು ಕಥೆಯಿದೆ. 1976ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಮೂಳೆತಜ್ಞ ಜೇಮ್ಸ್ ಸ್ಟೈನರ್ ನಡೆಸುತ್ತಿದ್ದ ವಿಮಾನ ಬಿದ್ದು ಹೆಂಡತಿ ತೀರಿಕೊಂಡರು, ಮಕ್ಕಳು ಗಾಯಗೊಂಡರು. ಅಲ್ಲಿ ಸಿಕ್ಕ ಚಿಕಿತ್ಸೆಯ ಅವ್ಯವಸ್ಥೆ ಕಂಡು ಅವರು ಹಟಕ್ಕೆ ಬಿದ್ದಿದ್ದರಿಂದ, ಎಟಿಎಲ್‌ಎಸ್ ಎಂಬ ತರಬೇತಿ 1978ರಲ್ಲಿ ಶುರುವಾಯಿತು. ಇಂದು ಜಗತ್ತಿನಾದ್ಯಂತ ವೈದ್ಯರು ಅದನ್ನು ಕಲಿಯುತ್ತಾರೆ.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ವಿಷಯ ತಿಳಿದಿರಲಿ. ತಮಿಳುನಾಡಿನಲ್ಲಿ 2021ರಲ್ಲಿ ಆರಂಭವಾದ ‘ಇನ್ನುಯಿರ್ ಕಾಪ್ಪೋಂ’ ಯೋಜನೆಯಡಿ, ರಸ್ತೆ ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮಿತಿಯೊಳಗೆ ಉಚಿತ. ಗಾಯಾಳು ಯಾವ ರಾಜ್ಯದವರೆಂದು ಕೇಳುವುದಿಲ್ಲ. ನಮ್ಮಲ್ಲಿ 2016ರಲ್ಲೇ ಬಂದ ಹರೀಶ್ ಸಾಂತ್ವನ ಯೋಜನೆಯೂ ಇಂಥದ್ದೇ ಆಗಿತ್ತು.

ದುಡ್ಡಿಗೆ ಯೋಜನೆಯಿದೆ, ಮೈಗೆ ಡಾಕ್ಟರಿದ್ದಾರೆ. ಆ ಐದರಲ್ಲಿ ಮೊದಲ ಮೂರಕ್ಕೆ ಉತ್ತರ ಮಾತ್ರ ನಮ್ಮ ಹತ್ತಿರವೇ ಇರಬೇಕು. ನನ್ನ ಪರ್ಸಿನಲ್ಲಿ ಈಗ ಒಂದು ಚೀಟಿಯಿದೆ: ರಕ್ತದ ಗುಂಪು, ಒಗ್ಗದ ಔಷಧಿ, ಮಾತ್ರೆ, ಹಳೆಯ ಕಾಯಿಲೆ, ಊರಿನ ಫೋನ್ ನಂಬರ್. ಹುಡುಗ ಪ್ಲಾಸ್ಟರ್ ಹಾಕಿದ ಕೈಯಲ್ಲೇ ಆಫೀಸಿಗೆ ಬಂದ ದಿನ, ಅವನ ಚೀಟಿಯನ್ನು ನಾನೇ ಬರೆದುಕೊಟ್ಟೆ.